ನುಡಿಯೂ ನಡೆಯೇ: ಜೇನ್ ಆಸ್ಟಿನ್ ಸಮಗ್ರ ಓದಿನ ನಂತರ

ನನ್ನ ಕಪಾಟಿನಲ್ಲಿ ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಬರೆದದ್ದೆಲ್ಲ ಸುಮಾರು ಒಂದು ಗೇಣು ಜಾಗದಲ್ಲಿ ನಿಂತಿದೆ. ಆಕ್ಸ್‌ಫರ್ಡ್ ಮುದ್ರಣದ ಆರು ಸಂಪುಟಗಳವು. ಮೊದಲ ಐದರಲ್ಲಿ ಆರು ಕಾದಂಬರಿಗಳಿವೆ. ಆರನೆಯದರಲ್ಲಿ ಆಕೆ ಹದಿಹರೆಯದಲ್ಲಿ ಮೂರು ನೋಟ್‌ಬುಕ್‌ಗಳಲ್ಲಿ ಬರೆದಿಟ್ಟ ಕಥೆಗಳು, ಪತ್ರಗಳ ಮೂಲಕವೇ ಸಾಗುವ ‘ಲೇಡಿ ಸೂಸನ್’, ಅರ್ಧಕ್ಕೇ ನಿಂತ ‘ದ ವಾಟ್ಸನ್ಸ್’ ಮತ್ತು ‘ಸ್ಯಾಂಡಿಟನ್’, ಒಂದಷ್ಟು ಪದ್ಯಗಳು ಹಾಗೂ ಪ್ರಾರ್ಥನೆಗಳಿವೆ. 1775ರ ಡಿಸೆಂಬರ್ 16ರಂದು ಹ್ಯಾಂಪ್‌ಶೈರ್ ಪ್ರಾಂತ್ಯದ ಸ್ಟೀವನ್‌ಟನ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಏಳನೆಯ ಮಗುವಾಗಿ ಹುಟ್ಟಿ, 1817ರ ಜುಲೈ 18ರಂದು ವಿಂಚೆಸ್ಟರ್‌ನಲ್ಲಿ 41ನೆಯ ವಯಸ್ಸಿಗೇ ತೀರಿಕೊಂಡ ಹೆಣ್ಣುಮಗಳೊಬ್ಬಳು ಬಿಟ್ಟುಹೋದ ಕಥನವೆಲ್ಲ ಇಷ್ಟೇ. ಪತ್ರಗಳು ಬೇರೆ ಸಂಪುಟದಲ್ಲಿವೆ; ಅವೂ ಸುಮಾರು 160 ಮಾತ್ರ ಉಳಿದಿವೆ, ಏಕೆಂದರೆ ಅಕ್ಕ ಕಸ್ಸಾಂಡ್ರಾ ತನ್ನ ಕಡೆಗಾಲದಲ್ಲಿ ಹೆಚ್ಚಿನವನ್ನು ಸುಟ್ಟುಹಾಕಿದಳು.

ಕಾಲೇಜಿನ ದಿನಗಳಲ್ಲಿ ನಾನು ಓದಿದ್ದು ಪಠ್ಯವಾಗಿದ್ದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಒಂದನ್ನೇ. ಪರೀಕ್ಷೆಗೆ ಬೇಕಾದಷ್ಟು ಓದಿ, ಇದು ಮದುವೆಯ ಕಥೆ ಎಂದುಕೊಂಡು ಮುಚ್ಚಿಟ್ಟಿದ್ದೆ. ಕಳೆದ ಮಳೆಗಾಲದಲ್ಲಿ ಮಾತ್ರ ಆರೂ ಸಂಪುಟಗಳನ್ನು, ಸಾಧ್ಯವಾದಷ್ಟೂ ಬರೆದ ಕಾಲದ ಅನುಕ್ರಮದಲ್ಲಿ, ಬಾಲ್ಯದ ನೋಟ್‌ಬುಕ್‌ನಿಂದ ಕೊನೆಯ ಅಪೂರ್ಣ ಹಸ್ತಪ್ರತಿಯವರೆಗೆ ಓದಿದೆ. ಹಾಗೆ ಓದಿದಾಗ ಮದುವೆಗಳೆಲ್ಲ ಹಿಂದೆ ಸರಿದು ಬೇರೊಂದು ಸಂಗತಿ ಮುಂದೆ ಬಂದು ನಿಂತಿತು. ಆಸ್ಟಿನ್ ಬರೆದದ್ದು ‘ನಾವೆಲ್ ಆಫ್ ಮ್ಯಾನರ್ಸ್’ ಎಂದು ತರಗತಿಯಲ್ಲಿ ಹೇಳಿಕೊಟ್ಟಾಗ ನಾವು ಅದನ್ನು ಶಿಷ್ಟಾಚಾರದ ಕಾದಂಬರಿ ಎಂದು ಬರೆದುಕೊಂಡಿದ್ದೆವು. ಶಿಷ್ಟಾಚಾರವೆಂದರೆ ಹೊರಗಿನ ಉಡುಗೆ, ಬಂದವರಿಗೆ ತೊಡಿಸಿ ತೋರಿಸುವಂಥದ್ದು. ಆ ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಅದಕ್ಕಿಂತ ಆಳವಾದ ಮಾತೊಂದಿದೆ: ನಡೆನುಡಿ. ನಡೆಯನ್ನೂ ನುಡಿಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಮಾತೇ ಆಸ್ಟಿನ್‌ಗೆ ಸರಿಯಾಗಿ ಹೊಂದುತ್ತದೆ. ಆಕೆಯ ಆರು ಕಾದಂಬರಿಗಳ ಪುಟಗಳಲ್ಲಿ ಯುದ್ಧವಿಲ್ಲ, ಕೊಲೆಯಿಲ್ಲ. ಜನ ಕುಳಿತು ಮಾತನಾಡುತ್ತಾರೆ, ಆ ಮಾತಿನಿಂದಲೇ ಒಬ್ಬರ ಬದುಕು ಬೀದಿಗೆ ಬೀಳುತ್ತದೆ, ಇನ್ನೊಬ್ಬರದು ಉಳಿಯುತ್ತದೆ.

ಇದು ಅತಿಶಯದ ಮಾತೆನಿಸಿದರೆ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ಎರಡನೆಯ ಅಧ್ಯಾಯವನ್ನು ನೋಡಬಹುದು. ಅದಿರುವುದು ಕೆಲವೇ ಪುಟ. ಸಾವಿನ ಹಾಸಿಗೆಯಲ್ಲಿದ್ದ ತಂದೆ, ಮಲತಾಯಿಯನ್ನೂ ಮೂವರು ತಂಗಿಯರನ್ನೂ ನೋಡಿಕೋ ಎಂದು ಮಗ ಜಾನ್ ಡ್ಯಾಶ್‌ವುಡ್‌ನಿಂದ ಮಾತು ತೆಗೆದುಕೊಂಡಿದ್ದಾನೆ. ಜಾನ್ ಕೆಟ್ಟವನಲ್ಲ. ತಂಗಿಯರಿಗೆ ತಲಾ 1,000 ಪೌಂಡ್‌ನಂತೆ 3,000 ಪೌಂಡ್ ಕೊಡಬೇಕೆಂದು ತಾನಾಗಿಯೇ ನಿಶ್ಚಯಿಸಿ, ತನ್ನ ಔದಾರ್ಯಕ್ಕೆ ತಾನೇ ಸಂತೋಷಪಟ್ಟಿದ್ದಾನೆ. ಆಗ ಹೆಂಡತಿ ಫ್ಯಾನಿ ಮಾತಿಗೆ ಕೂರುತ್ತಾಳೆ. ಇರುವ ಒಬ್ಬನೇ ಮಗನ ಪಾಲಿನಿಂದ ಅಷ್ಟು ದೊಡ್ಡ ಮೊತ್ತವನ್ನು ಕಿತ್ತುಕೊಳ್ಳುವುದು ಸರಿಯೇ ಎನ್ನುತ್ತಾಳೆ. 3,000 ಎಂಬುದು 1,500 ಆಗುತ್ತದೆ. ಅಷ್ಟನ್ನೂ ಒಟ್ಟಿಗೆ ಕೊಡುವ ಬದಲು ತಾಯಿಗೆ ವರ್ಷಕ್ಕೆ 100 ಪೌಂಡ್ ವರ್ಷಾಶನ ಕೊಟ್ಟರೆ ಹೇಗೆ ಎಂದು ಜಾನ್ ಯೋಚಿಸುತ್ತಾನೆ. ವರ್ಷಾಶನ ಸಿಗುತ್ತದೆಂದರೆ ಜನ ಸಾಯುವುದೇ ಇಲ್ಲ, ಆಕೆಗಿನ್ನೂ ನಲವತ್ತೂ ತುಂಬಿಲ್ಲ, ಗಟ್ಟಿಮುಟ್ಟಾಗಿದ್ದಾಳೆ ಎಂದು ಫ್ಯಾನಿ ನೆನಪಿಸುತ್ತಾಳೆ. ಹಾಗಾದರೆ ಆಗೊಮ್ಮೆ ಈಗೊಮ್ಮೆ 50 ಪೌಂಡ್ ಕಳಿಸಿದರಾಯಿತು. ಅಷ್ಟಕ್ಕೂ ಮಾವನವರ ಮನಸ್ಸಿನಲ್ಲಿ ಹಣದ ವಿಚಾರವೇ ಇರಲಿಕ್ಕಿಲ್ಲ. ಸಣ್ಣದೊಂದು ಮನೆ ಹುಡುಕಿಕೊಡುವುದು, ಸಾಮಾನು ಸಾಗಿಸಲು ಕೈಜೋಡಿಸುವುದು, ಕಾಲಕಾಲಕ್ಕೆ ಒಂದಿಷ್ಟು ಮೀನನ್ನೋ ಬೇಟೆಯ ಮಾಂಸವನ್ನೋ ಕಳಿಸಿಕೊಡುವುದು, ಇಷ್ಟೇ ಇದ್ದೀತು. ಮೂರು ಸಾವಿರ ಪೌಂಡ್ ಹೀಗೆ ಮೀನಿನ ಬುಟ್ಟಿಗೆ ಬಂದು ನಿಲ್ಲುತ್ತದೆ. ಕೊನೆಯಲ್ಲಿ, ಮಲತಾಯಿ ತನ್ನ ಜೊತೆ ಒಯ್ಯಲಿರುವ ಪಿಂಗಾಣಿ ತಟ್ಟೆ ಬಟ್ಟಲುಗಳು ಈ ಮನೆಯವಕ್ಕಿಂತ ಎಷ್ಟೋ ಚೆನ್ನಾಗಿವೆಯೆಂಬ ಸಂಕಟ ಫ್ಯಾನಿಯನ್ನು ಕಾಡುತ್ತದೆ.

ಈ ಸಂಭಾಷಣೆಯಲ್ಲಿ ಒಂದೇ ಒಂದು ಕಟು ಮಾತಿಲ್ಲ. ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆಯಿಂದಲೇ ಮಾತನಾಡುತ್ತಾರೆ, ಒಂದೊಂದು ಮೆಟ್ಟಿಲೂ ನ್ಯಾಯವೇ ಎಂಬಂತೆ ಇಳಿಯುತ್ತಾರೆ. ಆಸ್ಟಿನ್ ಎಲ್ಲಿಯೂ ಅಡ್ಡಬಂದು ಇದು ತಪ್ಪು ಎನ್ನುವುದಿಲ್ಲ. ನಮ್ಮ ಮನೆಗಳ ಪಾಲುಪಾರಿಕತ್ತಿನ ಮಾತುಕತೆಗೆ ಬಾಗಿಲ ಆಚೆ ನಿಂತು ಕಿವಿಗೊಟ್ಟವರಿಗೆ ಈ ಇಳಿಜಾರಿನ ಪರಿಚಯ ಇದ್ದೇ ಇರುತ್ತದೆ. ಮೊದಲು ಓದಿದಾಗ ನಾನು ಫ್ಯಾನಿಯ ಮೇಲೆ ಸಿಟ್ಟಾಗಿದ್ದೆ. ಈ ಬಾರಿ ನನಗೆ ಭಯ ಹುಟ್ಟಿಸಿದವನು ಜಾನ್, ಏಕೆಂದರೆ ಪ್ರತಿ ಹಂತದಲ್ಲೂ ತಾನು ಒಳ್ಳೆಯವನೇ ಎಂಬ ಭಾವನೆ ಅವನಿಗೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಹಣದ ಲೆಕ್ಕ ಇಷ್ಟು ನಿಖರವಾಗಿ ಬರಲು ಕಾರಣ ಆಕೆಯ ಬದುಕಿನಲ್ಲೇ ಇತ್ತು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಅಣ್ಣತಮ್ಮಂದಿರು ಕೊಡುವ ಹಣದ ಆಸರೆಯಲ್ಲಿ ಬಾತ್‌ನಿಂದ ಸೌತಾಂಪ್ಟನ್‌ಗೆ ಎಂದು ನೆಲೆ ಬದಲಿಸುತ್ತ ಹೋದರು. ಶ್ರೀಮಂತ ಬಂಧುಗಳು ದತ್ತು ತೆಗೆದುಕೊಂಡಿದ್ದ ಅಣ್ಣ ಎಡ್ವರ್ಡ್, 1809ರಲ್ಲಿ ಚಾಟನ್ ಹಳ್ಳಿಯ ಮನೆಯೊಂದನ್ನು ಬಿಟ್ಟುಕೊಟ್ಟ ಮೇಲೆಯೇ ಆಕೆಗೆ ಕುಳಿತು ಬರೆಯಲು ಒಂದು ಸ್ಥಿರ ಜಾಗ ಸಿಕ್ಕಿತು. ಅಷ್ಟರಲ್ಲಿ ಮೂರು ಕಾದಂಬರಿಗಳ ಮೊದಲ ಕರಡುಗಳು ಪೆಟ್ಟಿಗೆಯಲ್ಲೇ ಹತ್ತು ವರ್ಷ ಕಳೆದಿದ್ದವು. ಅವುಗಳಲ್ಲಿ ಒಂದನ್ನು 1797ರಲ್ಲಿ ತಂದೆ ಲಂಡನ್ನಿನ ಪ್ರಕಾಶಕರಿಗೆ ತೋರಿಸುವುದಾಗಿ ಬರೆದಾಗ, ಹಸ್ತಪ್ರತಿಯನ್ನು ನೋಡುವ ಮುಂಚೆಯೇ ಮರುಟಪಾಲಿನಲ್ಲಿ ಬೇಡವೆಂಬ ಉತ್ತರ ಬಂದಿತ್ತು. ‘ಸೂಸನ್’ ಎಂಬ ಇನ್ನೊಂದನ್ನು 1803ರಲ್ಲಿ ಕ್ರಾಸ್ಬಿ ಎಂಬ ಪ್ರಕಾಶಕರು 10 ಪೌಂಡ್‌ಗೆ ಕೊಂಡು, ಅಚ್ಚುಹಾಕದೆ ಇಟ್ಟುಕೊಂಡರು. ಹದಿಮೂರು ವರ್ಷಗಳ ನಂತರ, 1816ರಲ್ಲಿ, ಅದೇ 10 ಪೌಂಡ್ ಕೊಟ್ಟು ಅದನ್ನು ಬಿಡಿಸಿಕೊಳ್ಳಲಾಯಿತು. ನಾವಿಂದು ‘ನಾರ್ಥ್ಯಾಂಗರ್ ಆಬಿ’ ಎಂದು ಓದುವುದು ಅದನ್ನೇ. ಅಚ್ಚಾದದ್ದನ್ನು ನೋಡಲು ಆಕೆ ಬದುಕಿರಲಿಲ್ಲ.

1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಹೊರಬಂದಾಗ ಮುಖಪುಟದಲ್ಲಿದ್ದದ್ದು ‘ಒಬ್ಬ ಮಹಿಳೆಯಿಂದ’ ಎಂಬಷ್ಟೇ ಮಾತು. ನಷ್ಟವಾದರೆ ತಾನೇ ತುಂಬಬೇಕೆಂಬ ಒಪ್ಪಂದದ ಮೇಲೆ ಮುದ್ರಿಸಿದ್ದರೂ ಮೊದಲ ಮುದ್ರಣ 140 ಪೌಂಡ್ ಲಾಭ ತಂದಿತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಹಕ್ಕಿಗೆ 150 ಪೌಂಡ್ ಬೇಕೆಂದಿದ್ದ ಆಕೆ 110ಕ್ಕೆ ಒಪ್ಪಿಕೊಂಡಳು. ಮುಂದೆ ಮರುಮುದ್ರಣಗಳಾದವು, ಆದರೆ ಅವುಗಳಿಂದ ಆಕೆಗೆ ಒಂದು ಪೆನ್ನಿಯೂ ಬರಲಿಲ್ಲ. ತನ್ನ ಹೆಸರನ್ನು ತನ್ನ ಯಾವ ಪುಸ್ತಕದ ಮೇಲೂ ಆಕೆ ಕಾಣಲಿಲ್ಲ. ವಿಂಚೆಸ್ಟರ್ ಕ್ಯಾಥೆಡ್ರಲ್‌ನಲ್ಲಿರುವ ಸಮಾಧಿಯ ಕಲ್ಲಿನ ಮೇಲೆ ಆಕೆಯ ಸದ್ಗುಣಗಳ ವರ್ಣನೆಯಿದೆ, ಬುದ್ಧಿಶಕ್ತಿಯ ಮಾತೂ ಇದೆ. ಕಾದಂಬರಿ ಬರೆದಳೆಂಬ ಮಾತಿಲ್ಲ.

ಸಮಗ್ರ ಕೃತಿಗಳೆಂಬ ರೂಪ ಆಕೆಗೆ ಸಿಕ್ಕಿದ್ದು ನಿಧಾನವಾಗಿ. 1833ರಲ್ಲಿ ಬೆಂಟ್ಲಿ ಎಂಬ ಪ್ರಕಾಶಕ ಆರೂ ಕಾದಂಬರಿಗಳನ್ನು ಅಗ್ಗದ ಬೆಲೆಯ ಮಾಲೆಯಲ್ಲಿ ತಂದ. ಆದರೆ ಮೂರು ಮೂರು ಸಂಪುಟಗಳಾಗಿ ಬಂದಿದ್ದ ಕಾದಂಬರಿಯನ್ನು ಆಗ ಒಂದೇ ಹೊತ್ತಗೆಗೆ ಇಳಿಸಲಾಯಿತು. 1923ರಲ್ಲಿ ಆರ್. ಡಬ್ಲ್ಯು. ಚಾಪ್‌ಮನ್ ಆಕ್ಸ್‌ಫರ್ಡ್‌ಗಾಗಿ ಪಠ್ಯವನ್ನು ಪರಿಷ್ಕರಿಸಿ, ಆಕೆಯ ಜೀವಿತಕಾಲದ ಮುದ್ರಣಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ, ಮೂಲ ಸಂಪುಟಗಳ ವಿಭಾಗವನ್ನು ಮರಳಿ ತಂದ. ಅದಕ್ಕೂ ಮುಂಚೆ, 1912ರಲ್ಲಿ, ಕ್ಯಾಥರೀನ್ ಮೆಟ್‌ಕಾಫ್ ಎಂಬ ವಿದುಷಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಒಂದನ್ನು ಇದೇ ಶ್ರದ್ಧೆಯಿಂದ ಸಂಪಾದಿಸಿದ್ದಳು. ಮರುವರ್ಷ ಚಾಪ್‌ಮನ್ ಆಕೆಯನ್ನೇ ಮದುವೆಯಾದ. ಇಂದು ಆ ಮಾಲೆ ಅವನ ಹೆಸರಿನಲ್ಲಿ ನಿಂತಿದೆ. ದಾರಿ ಹಾಕಿಕೊಟ್ಟವಳ ಹೆಸರನ್ನೂ ಜೊತೆಗೆ ಹೇಳಬೇಕೆಂದು ನನಗನ್ನಿಸುತ್ತದೆ.

ಸಂಪುಟಗಳ ವಿಭಾಗ ಪಂಡಿತರಿಗಷ್ಟೇ ಬೇಕಾದ ವಿವರವೆಂದು ನಾನೂ ಭಾವಿಸಿದ್ದೆ. ಓದುವಾಗ ಅದರ ಬೆಲೆ ತಿಳಿಯಿತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಎರಡನೆಯ ಸಂಪುಟ, ನಾಯಕಿ ಎಲಿಜಬೆತ್‌ಳೂ ಅವಳ ಬಂಧುಗಳೂ, ಅವಳು ಆಗಲೇ ನಿರಾಕರಿಸಿದ್ದ ಡಾರ್ಸಿಯ ಮನೆಯಾದ ಪೆಂಬರ್ಲಿಗೆ ಹೋಗುವುದೆಂದಾಯಿತು ಎಂಬ ಒಂದು ಸರಳ ವಾಕ್ಯದೊಂದಿಗೆ ಮುಗಿಯುತ್ತದೆ. 1813ರ ಓದುಗಿತ್ತಿ ಅಲ್ಲಿ ಪುಸ್ತಕ ಮುಚ್ಚಿ, ಮುಂದಿನದಕ್ಕಾಗಿ ಕೈಚಾಚಬೇಕು. ಬಾಡಿಗೆ ಪುಸ್ತಕಾಲಯದ ಚಂದಾದಾರಳಾಗಿದ್ದರೆ ಮೂರನೆಯ ಸಂಪುಟ ಬೇರೆಯವರ ಮನೆಯಲ್ಲಿದ್ದರೂ ಇರಬಹುದು. ಆ ಕಾಯುವಿಕೆಯನ್ನು ಆಸ್ಟಿನ್ ಲೆಕ್ಕಕ್ಕೆ ಹಿಡಿದೇ ಬರೆದಿದ್ದಾಳೆ.

ಆ ಕಾದಂಬರಿಯ ಬಗ್ಗೆ ಎಲ್ಲರೂ ಬರೆದಿರುವುದರಿಂದ ಒಂದೇ ಮಾತು ಹೇಳುತ್ತೇನೆ. ಡಾರ್ಸಿ ಮೊದಲ ಬಾರಿ ಮದುವೆಯ ಪ್ರಸ್ತಾಪ ಮಾಡಿ, ಅವಳ ಕುಟುಂಬದ ಕೀಳುತನವನ್ನೂ ಅದೇ ಉಸಿರಿನಲ್ಲಿ ಎತ್ತಿ ಆಡಿದಾಗ, ಎಲಿಜಬೆತ್ ಅವನನ್ನು ನಿರಾಕರಿಸುತ್ತಾಳೆ: ನೀವು ಇನ್ನಷ್ಟು ಸಭ್ಯವಾಗಿ ನಡೆದುಕೊಂಡಿದ್ದರೆ ನಿರಾಕರಿಸುವಾಗ ನನಗೆ ನೋವಾದರೂ ಆಗುತ್ತಿತ್ತು ಎನ್ನುತ್ತಾಳೆ. ತಿಂಗಳುಗಳು ಕಳೆದ ಮೇಲೆ ಡಾರ್ಸಿ ಅದೇ ವಾಕ್ಯವನ್ನು ಅವಳಿಗೆ ಒಪ್ಪಿಸುತ್ತಾನೆ, ಅದು ತನ್ನನ್ನು ಹೇಗೆ ಹಿಂಸಿಸಿತೆಂದು ಹೇಳುತ್ತಾನೆ. ವರ್ಷಕ್ಕೆ 10,000 ಪೌಂಡ್ ವರಮಾನವಿರುವ ಮನುಷ್ಯನನ್ನು ಬದಲಿಸಿದ್ದು ಒಂದು ವಾಕ್ಯ.

ಆಡದ ಮಾತಿಗೂ ಆಕೆಯಲ್ಲಿ ತೂಕವಿದೆ. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಯಜಮಾನ ಸರ್ ಥಾಮಸ್ ಬರ್ಟ್ರಮ್‌ಗೆ ಆಂಟಿಗುವಾ ದ್ವೀಪದಲ್ಲಿ ಆಸ್ತಿಯಿದೆ, ಅಂದರೆ ಗುಲಾಮರ ದುಡಿಮೆಯ ಮೇಲೆ ನಿಂತ ಆಸ್ತಿ. ಅವನು ಅಲ್ಲಿಂದ ಮರಳಿದ ಮೇಲೆ, ಆ ಮನೆಯಲ್ಲಿ ಆಶ್ರಯ ಪಡೆದ ಬಡ ಸೋದರ ಸಂಬಂಧಿ ಫ್ಯಾನಿ ಪ್ರೈಸ್ ಗುಲಾಮರ ವ್ಯಾಪಾರದ ಬಗ್ಗೆ ಪ್ರಶ್ನೆಯೊಂದನ್ನು ಕೇಳುತ್ತಾಳೆ. ಇನ್ನೂ ಕೇಳಬೇಕೆಂದಿದ್ದೆ, ಆದರೆ ಕೋಣೆಯಲ್ಲಿ ಸತ್ತಂಥ ಮೌನ ಆವರಿಸಿತ್ತು ಎಂದು ಮರುದಿನ ಆ ಮನೆಯ ಕಿರಿಯ ಮಗ ಎಡ್ಮಂಡ್‌ಗೆ ಹೇಳುತ್ತಾಳೆ. ಮನೆಯ ಉಳಿದ ಮಕ್ಕಳಾರಿಗೂ ಆ ವಿಷಯದಲ್ಲಿ ಆಸಕ್ತಿಯಿರಲಿಲ್ಲ. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ಕಾದಂಬರಿ ಬಂದದ್ದು 1814ರಲ್ಲಿ. ಆಕೆ ಬರೆದದ್ದು ಆ ಮೌನವನ್ನಷ್ಟೇ. ಅದು ಸಾಲದೆಂದು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆದರೆ ಸಮಗ್ರ ಓದಿನಲ್ಲಿ ಆ ಒಂದು ಸಾಲು ಮುಂದಿನ ಪುಟಗಳ ಮೇಲೆಲ್ಲ ನೆರಳು ಚೆಲ್ಲಿತೆಂದು ನಾನು ಸಾಕ್ಷಿ ಹೇಳಬಲ್ಲೆ.

ನಮ್ಮ ದೇಶವೂ ಆ ಪುಟಗಳ ಅಂಚಿನಲ್ಲಿದೆ. ಆಸ್ಟಿನ್‌ಳ ಸೋದರತ್ತೆ ಫಿಲಡೆಲ್ಫಿಯಾ, ತಂದೆತಾಯಿಯೂ ಹಣವೂ ಇಲ್ಲದ ಹುಡುಗಿ, 1752ರಲ್ಲಿ ಹಡಗು ಹತ್ತಿ ಗಂಡನನ್ನು ಹುಡುಕಿಕೊಂಡು ಭಾರತಕ್ಕೆ ಬಂದಳು. ಮರುವರ್ಷ ಕಡಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಹ್ಯಾಂಕಾಕ್‌ನನ್ನು ಮದುವೆಯಾದಳು. ಅವರ ಮಗಳು ಎಲೈಜಾ 1761ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದಳು. ಆಸ್ಟಿನ್ ತನ್ನ ಹದಿಹರೆಯದ ಕಥೆ ‘ಕ್ಯಾಥರೀನ್’ನಲ್ಲಿ, ಹೀಗೆಯೇ ಬಂಗಾಳಕ್ಕೆ ಮದುವೆಗಾಗಿ ಸಾಗಿಸಲ್ಪಟ್ಟ ಹುಡುಗಿಯೊಬ್ಬಳನ್ನು ತಂದಿದ್ದಾಳೆ. ಸುತ್ತಲಿನವರು ಅದನ್ನು ಅದೃಷ್ಟವೆನ್ನುತ್ತಾರೆ. ಗೆಳತಿಗೆ ಮಾತ್ರ ಅದು ಶಿಕ್ಷೆಯಾಗಿ ಕಾಣುತ್ತದೆ. ಹದಿನಾರು ಹದಿನೇಳರ ಹುಡುಗಿಗೆ ಮನೆಯವರು ಆಡುವ ಮಾತಿನ ಹಿಂದಿನ ಬೆಲೆ ಅಷ್ಟು ಚೆನ್ನಾಗಿ ಕೇಳಿಸಿತ್ತು.

ಆರು ಕಾದಂಬರಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ಎಮ್ಮಾ’. 1815ರ ಡಿಸೆಂಬರಿನಲ್ಲಿ ಹೊರಬಂದ ಈ ಕಾದಂಬರಿಯಲ್ಲಿ ಬಾಕ್ಸ್ ಹಿಲ್ ಎಂಬ ಗುಡ್ಡಕ್ಕೆ ಊರಿನವರೆಲ್ಲ ವನಭೋಜನಕ್ಕೆ ಹೋಗುವ ಅಧ್ಯಾಯವಿದೆ. ಬಿಸಿಲು, ಬೇಸರ, ಮಾತು ಏಳುತ್ತಿಲ್ಲ. ಎಲ್ಲರೂ ಒಂದು ಜಾಣಮಾತನ್ನಾಗಲಿ, ಎರಡು ಸಾಧಾರಣ ಮಾತನ್ನಾಗಲಿ, ಮೂರು ಪೆದ್ದುಮಾತನ್ನಾಗಲಿ ಆಡಬೇಕೆಂಬ ಆಟ ಹೂಡುತ್ತಾರೆ. ಮಿಸ್ ಬೇಟ್ಸ್ ಎಂಬ ವಾಚಾಳಿ, ಮದುವೆಯಾಗದ ಬಡ ಹೆಂಗಸು, ಮೂರು ಪೆದ್ದುಮಾತು ನನಗೆ ಸಲೀಸು, ಬಾಯಿ ತೆರೆದರೆ ಬರುವುದು ಅದೇ ಎಂದು ಎಲ್ಲರತ್ತ ನೋಡಿ ನಗುತ್ತಾಳೆ. ಎಮ್ಮಾಗೆ ತಡೆಯಲಾಗುವುದಿಲ್ಲ: ಅಲ್ಲೊಂದು ತೊಡಕಿದೆ, ಒಂದು ಸಲಕ್ಕೆ ಮೂರೇ ಮೂರು ಆಡಬೇಕು ಎನ್ನುತ್ತಾಳೆ. ಮಿಸ್ ಬೇಟ್ಸ್‌ಗೆ ಅರ್ಥವಾಗಲು ಒಂದು ಕ್ಷಣ ಹಿಡಿಯುತ್ತದೆ. ಆಮೇಲೆ ಮುಖ ಸ್ವಲ್ಪ ಕೆಂಪಾಗಿ, ಹೌದು, ಅವಳು ಹೇಳಿದ್ದು ತಿಳಿಯಿತು, ಬಾಯಿ ಮುಚ್ಚಿಕೊಂಡಿರಲು ನೋಡುತ್ತೇನೆ, ನನ್ನಿಂದ ತುಂಬಾ ಕಿರಿಕಿರಿಯಾಗುತ್ತಿರಬೇಕು, ಇಲ್ಲದಿದ್ದರೆ ಹಳೆಯ ಸ್ನೇಹಿತೆಗೆ ಹೀಗೆ ಹೇಳುತ್ತಿರಲಿಲ್ಲ ಎಂದು ಪಕ್ಕದಲ್ಲಿದ್ದ, ಎಮ್ಮಾಳ ಮನೆಯವರ ಹಳೆಯ ಸ್ನೇಹಿತ ನೈಟ್ಲಿಗೆ ಹೇಳುತ್ತಾಳೆ.

ಸಂಜೆ ಗಾಡಿ ಹತ್ತುವ ಮುಂಚೆ ನೈಟ್ಲಿ ಎಮ್ಮಾಳನ್ನು ಬದಿಗೆ ಕರೆದು ಹೇಳುವ ಮಾತುಗಳಲ್ಲಿ ಆಸ್ಟಿನ್‌ಳ ಇಡೀ ನಡೆನುಡಿಯ ವಿಚಾರವಿದೆ. ಮಿಸ್ ಬೇಟ್ಸ್ ನಿನ್ನಷ್ಟೇ ಸ್ಥಿತಿವಂತಳಾಗಿದ್ದರೆ ನಿನ್ನ ಹಗುರ ಮಾತಿಗೆ ನಾನು ಜಗಳವಾಡುತ್ತಿರಲಿಲ್ಲ. ಆದರೆ ಅವಳು ಬಡವಿ, ಹುಟ್ಟಿದಾಗ ಇದ್ದ ಸುಖದಿಂದ ಕೆಳಗಿಳಿದವಳು, ವಯಸ್ಸಾದಂತೆ ಇನ್ನೂ ಇಳಿಯುವವಳು. ನೀನು ನಡೆದುಕೊಂಡದ್ದು ಸರಿಯಲ್ಲ, ನಿಜಕ್ಕೂ ಸರಿಯಲ್ಲ. ಎಮ್ಮಾ ಉತ್ತರಿಸಲಾರದೆ ಗಾಡಿಯಲ್ಲಿ ಕೂರುತ್ತಾಳೆ, ದಾರಿಯುದ್ದಕ್ಕೂ ಕಣ್ಣೀರು ಹರಿಯುತ್ತದೆ, ಅದನ್ನು ತಡೆಯುವ ಪ್ರಯತ್ನವನ್ನೂ ಅವಳು ಮಾಡುವುದಿಲ್ಲ. ಮರುದಿನ ಬೆಳಿಗ್ಗೆ ಅವಳು ಮಿಸ್ ಬೇಟ್ಸ್‌ಳ ಮನೆಗೆ ಹೋಗುತ್ತಾಳೆ.

ಈ ಅಧ್ಯಾಯದ ಬಳಿ ನಾನು ಎರಡು ದಿನ ನಿಂತೆ. ನಮ್ಮ ತಂದೆಯ ಕಡೆಯ ದೂರದ ಅತ್ತೆಯೊಬ್ಬರು, ಗಂಡನಿಲ್ಲದವರು, ಹಬ್ಬಕ್ಕೆ ಬಂದರೆ ಬೆಳಗಿನಿಂದ ರಾತ್ರಿಯವರೆಗೆ ಮಾತನಾಡುತ್ತಿದ್ದರು. ಒಂದು ಗೌರಿ ಹಬ್ಬದಲ್ಲಿ, ಊಟದ ಪಂಕ್ತಿಯಲ್ಲಿ ಎಲ್ಲರೆದುರು, ‘ಅತ್ತೆ, ಸ್ವಲ್ಪ ಉಸಿರು ತಗೊಳ್ಳಿ, ನಮಗೂ ಒಂದು ಮಾತು ಉಳಿಸಿ’ ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕು, ‘ಹೌದಮ್ಮ, ನನ್ನದು ಜಾಸ್ತಿಯೇ ಆಯಿತು’ ಎಂದು ಕೋಸಂಬರಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಆ ಸಂಜೆ ಅವರು ಹೆಚ್ಚು ಮಾತನಾಡಲಿಲ್ಲ. ಎಮ್ಮಾ ಮರುದಿನ ಬೆಳಿಗ್ಗೆ ಹೋದಳು. ನಾನು ಹೋಗಲಿಲ್ಲ, ಅವರು ಈಗಿಲ್ಲ. ಇನ್ನೂರು ವರ್ಷಗಳ ಹಿಂದೆ ಹ್ಯಾಂಪ್‌ಶೈರ್‌ನ ಹಳ್ಳಿಯಲ್ಲಿ ಕುಳಿತವಳಿಗೆ ‘ನನ್ನಿಂದ ಕಿರಿಕಿರಿಯಾಗುತ್ತಿರಬೇಕು’ ಎಂಬ ಆ ಸಾಲು, ಆ ಧ್ವನಿಯಲ್ಲೇ, ಹೇಗೆ ಕೇಳಿಸಿತೋ.

ಕೇಳಿಸಿಕೊಳ್ಳುವುದರಲ್ಲಿ ಆಕೆ ಕೊನೆಯವರೆಗೂ ಬೆಳೆಯುತ್ತಲೇ ಇದ್ದಳೆಂಬುದಕ್ಕೆ ಬ್ರಿಟಿಷ್ ಲೈಬ್ರರಿಯಲ್ಲಿರುವ ಎರಡು ಅಧ್ಯಾಯಗಳ ಹಸ್ತಪ್ರತಿ ಸಾಕ್ಷಿ. ಪೂರ್ಣಗೊಂಡ ಕಾದಂಬರಿಗಳ ಪೈಕಿ ಆಕೆಯ ಕೈಬರಹದಲ್ಲಿ ಉಳಿದಿರುವುದು ಇಷ್ಟೇ, ‘ಪರ್ಸುಯೇಷನ್’ನ ಮೊದಲ ಮುಕ್ತಾಯ. 1816ರ ಜುಲೈ 18ರಂದು ಆಕೆ ಅದನ್ನು ಮುಗಿಸಿ ತಾರೀಖು ಹಾಕಿದ್ದಳು. ಎಂಟು ವರ್ಷಗಳ ಹಿಂದೆ ಮುರಿದುಹೋದ ಸಂಬಂಧ, ಇಪ್ಪತ್ತೇಳು ವರ್ಷದ ಆ್ಯನ್ ಎಲಿಯಟ್, ಹಡಗಿನ ಕ್ಯಾಪ್ಟನ್ ವೆಂಟ್‌ವರ್ತ್. ಮೊದಲ ಬರವಣಿಗೆಯಲ್ಲಿ ವೆಂಟ್‌ವರ್ತ್‌ನ ಭಾವ ಅಡ್ಮಿರಲ್ ಕ್ರಾಫ್ಟ್ ಬೀದಿಯಲ್ಲಿ ಸಿಕ್ಕ ಆ್ಯನ್‌ಳನ್ನು ತನ್ನ ಮನೆಗೆ ಕರೆತಂದು, ನೀನು ಬೇರೊಬ್ಬನನ್ನು ಮದುವೆಯಾಗುವುದು ನಿಜವೇ ಎಂದು ವೆಂಟ್‌ವರ್ತ್‌ನಿಂದಲೇ ಕೇಳಿಸುತ್ತಾನೆ. ಅವಳು ಇಲ್ಲವೆನ್ನುತ್ತಾಳೆ. ಎಲ್ಲವೂ ಸರಿಹೋಗುತ್ತದೆ. ಅದರಲ್ಲಿ ಆ್ಯನ್ ಮಾಡುವುದು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದನ್ನಷ್ಟೇ.

ಆಸ್ಟಿನ್‌ಗೆ ಇದು ಒಗ್ಗಲಿಲ್ಲ. ಆರೋಗ್ಯ ಆಗಲೇ ಕೆಡುತ್ತಿದ್ದರೂ ಆಕೆ ಮತ್ತೆ ಕುಳಿತು ಆಗಸ್ಟ್ 6ರೊಳಗೆ ಹೊಸದಾಗಿ ಬರೆದಳು. ಈಗ ನಾವು ಬಾತ್ ಪಟ್ಟಣದ ವೈಟ್ ಹಾರ್ಟ್ ಎಂಬ ವಸತಿಗೃಹದ ಕೋಣೆಯಲ್ಲಿದ್ದೇವೆ. ವೆಂಟ್‌ವರ್ತ್ ಮೇಜಿನ ಬಳಿ ಕುಳಿತು ಬೇರೊಂದು ಕೆಲಸದ ಪತ್ರ ಬರೆಯುತ್ತಿದ್ದಾನೆ. ಕಿಟಕಿಯ ಬಳಿ ಆ್ಯನ್ ಕ್ಯಾಪ್ಟನ್ ಹಾರ್ವಿಲ್‌ನೊಂದಿಗೆ ಹೆಣ್ಣು ಗಂಡುಗಳ ನಿಷ್ಠೆಯ ಬಗ್ಗೆ ಮಾತನಾಡುತ್ತಿದ್ದಾಳೆ. ಪುಸ್ತಕಗಳೆಲ್ಲ ಹೆಣ್ಣಿನ ಚಂಚಲತೆಯನ್ನೇ ಹೇಳುತ್ತವಲ್ಲ ಎಂದು ಹಾರ್ವಿಲ್ ಅಂದರೆ, ಲೇಖನಿ ಇದ್ದದ್ದು ಗಂಡಸರ ಕೈಯಲ್ಲಿ, ಆದ್ದರಿಂದ ಪುಸ್ತಕಗಳ ಸಾಕ್ಷಿ ಬೇಡ ಎನ್ನುತ್ತಾಳೆ. ಅದಕ್ಕೆ ತುಸು ಮುಂಚೆಯೇ ಮೇಜಿನ ಕಡೆಯಿಂದ ಸಣ್ಣ ಸದ್ದು ಕೇಳಿತ್ತು. ವೆಂಟ್‌ವರ್ತ್‌ನ ಲೇಖನಿ ಕೆಳಗೆ ಬಿದ್ದಿತ್ತು. ಭರವಸೆ ಹೋದ ಮೇಲೂ ಪ್ರೀತಿಸುತ್ತಲೇ ಇರುವುದು, ಅಷ್ಟೊಂದೇ ನಾನು ನನ್ನ ಹೆಣ್ಣುಜಾತಿಗೆ ಕೇಳುವ ಹಿರಿಮೆ ಎಂದು ಆ್ಯನ್ ಮುಗಿಸುವ ಹೊತ್ತಿಗೆ, ಅಲ್ಲೇ ಕುಳಿತವನು ಇನ್ನೊಂದು ಹಾಳೆ ತೆಗೆದುಕೊಂಡು, ಇನ್ನು ಮೌನವಾಗಿ ಕೇಳಿಸಿಕೊಂಡಿರಲಾರೆ ಎಂದು ಅವಳಿಗೇ ಪತ್ರ ಬರೆಯುತ್ತಿದ್ದಾನೆ. ಇಡೀ ಕಾದಂಬರಿಯಲ್ಲಿ ಯಾರೂ ಕಿವಿಗೊಡದ ಹೆಣ್ಣಿನ ಮಾತು, ಬೇರೊಬ್ಬನಿಗೆ ಆಡಿದ್ದು, ತಲುಪಬೇಕಾದವನಿಗೆ ತಲುಪಿತು. ಎರಡು ರೂಪಗಳನ್ನೂ ಒಂದೇ ಸಂಪುಟದಲ್ಲಿ ಒಟ್ಟಿಗಿಟ್ಟುಕೊಂಡು ಓದಲು ಸಿಕ್ಕಿದ್ದು ನನ್ನ ಪಾಲಿಗೆ ಈ ಮಾಲೆಯ ದೊಡ್ಡ ಕೊಡುಗೆ.

ಆ ಡಿಸೆಂಬರಿನಲ್ಲಿ ಆಕೆ ಅಣ್ಣನ ಮಗನಿಗೆ ಬರೆದ ಪತ್ರದಲ್ಲಿ ತನ್ನ ಕೆಲಸವನ್ನು ಎರಡು ಅಂಗುಲ ಅಗಲದ ದಂತದ ತುಂಡಿಗೆ ಹೋಲಿಸಿಕೊಂಡಿದ್ದಾಳೆ: ಅದರ ಮೇಲೆ ಅತಿ ಸಣ್ಣ ಕುಂಚದಿಂದ ಎಷ್ಟು ದುಡಿದರೂ ಕಾಣುವ ಫಲ ಸ್ವಲ್ಪವೇ ಎಂದು. ಮುಂದಿನ ತಿಂಗಳು, 1817ರ ಜನವರಿ 27ರಂದು, ‘ಸ್ಯಾಂಡಿಟನ್’ ಆರಂಭಿಸಿದಳು. ಸಾವಿನ ಕಾಯಿಲೆ ಹಿಡಿದಿದ್ದಾಗ ಆಕೆ ಆರಿಸಿಕೊಂಡ ವಸ್ತು, ಸಮುದ್ರತೀರದಲ್ಲಿ ಆರೋಗ್ಯಧಾಮವೊಂದನ್ನು ಕಟ್ಟಿ ಹಣ ಮಾಡಹೊರಟವರದು, ತಮಗೆ ಇಲ್ಲದ ಕಾಯಿಲೆಗಳನ್ನು ಪ್ರೀತಿಯಿಂದ ಸಾಕಿಕೊಂಡವರದು. ಬರಹದಲ್ಲಿ ನರಳಿಕೆಯ ಒಂದು ಸಾಲೂ ಇಲ್ಲ. ಹನ್ನೆರಡನೆಯ ಅಧ್ಯಾಯದಲ್ಲಿ ಶಾರ್ಲಟ್ ಎಂಬ ಹುಡುಗಿ, ಊರಿನ ಶ್ರೀಮಂತೆ ಲೇಡಿ ಡೆನ್‌ಹ್ಯಾಮ್‌ಳ ಮನೆಯ ಕೋಣೆಯಲ್ಲಿ ಕಾಯುತ್ತ ಸುತ್ತ ನೋಡುತ್ತಾಳೆ. ಬೆಂಕಿಗೂಡಿನ ಮೇಲೆ ಎರಡನೆಯ ಗಂಡ, ಬಿರುದುಳ್ಳ ಸರ್ ಹ್ಯಾರಿಯ ದೊಡ್ಡ ಭಾವಚಿತ್ರವಿದೆ. ಆ ಮನೆಯನ್ನೂ ಹಣವನ್ನೂ ಬಿಟ್ಟುಹೋದ ಮೊದಲ ಗಂಡ ಹಾಲಿಸ್‌ನ ಪುಟ್ಟ ಚಿತ್ರ ಬೇರೆ ಹಲವು ಚಿತ್ರಗಳ ನಡುವೆ ಎಲ್ಲೋ ಮೂಲೆಯಲ್ಲಿದೆ. ಪಾಪ ಹಾಲಿಸ್, ತನ್ನದೇ ಮನೆಯಲ್ಲಿ ಹಿಂದೆ ಸರಿದು ನಿಂತು, ಬೆಂಕಿಯ ಪಕ್ಕದ ಒಳ್ಳೆಯ ಜಾಗದಲ್ಲಿ ಸದಾ ಸರ್ ಹ್ಯಾರಿ ಕುಳಿತಿರುವುದನ್ನು ನೋಡಬೇಕಾಯಿತಲ್ಲ ಎಂದು ಅವಳಿಗೆ ಮರುಕವಾಗುತ್ತದೆ. ಆ ವಾಕ್ಯದ ನಂತರ ಆಕೆ ಮಾರ್ಚ್ 18 ಎಂದು ತಾರೀಖು ಬರೆದಿದ್ದಾಳೆ. ಕೈಯಿಂದ ಹೊಲಿದು ಮಾಡಿಕೊಂಡಿದ್ದ ಆ ಪುಟ್ಟ ಪುಸ್ತಕದಲ್ಲಿ ಮುಂದಿನ ಹಾಳೆಗಳು ಖಾಲಿಯಿವೆ.